ಕೆಂಪು ಮುಚ್ಚಳದ ಡಬ್ಬಿ

"ನನ್ನ ಡಬ್ಬಿ ಕೊಡ್ರಿ."

ಸೊನ್ನ ಬ್ಯಾರೇಜಿನ ಗೇಟ್ ರೂಮಿನ ಬಾಗಿಲಲ್ಲಿ ನಿಂತು ಭಾಗ್ಯಜ್ಯೋತಿ ಹಾಗೆ ಕೇಳಿದಾಗ ಗೇಟು ನೋಡಿಕೊಳ್ಳುವ ಗುರುಶಾಂತ ಊಟಕ್ಕೆ ಕೂತಿದ್ದ. ಬಾಯಲ್ಲಿ ರೊಟ್ಟಿ, ಮೇಜಿನ ಮೇಲೆ ಅವಳ ಡಬ್ಬಿ.

"ನಿಮ್ದಾ ಇದು? ಹಿನ್ನೀರಿನ ದಂಡಿಗೆ ಕಲ್ಲಿನ ಸಂದ್ಯಾಗ ಸಿಕ್ತುರಿ. ಪೊಲೀಸರಿಗೆ ಫೋನ್ ಮಾಡೂದಿತ್ತು. ಊಟ ಆಗ್ಲಿ ಅಂತ ಬಿಟ್ಟೆ."

"ನಾನ ಮುಚ್ಚಿಟ್ಟೇನಿ. ಯಾರಾದ್ರೂ ಹುಡುಕ್ಲಿ ಅಂತ."

"ಹುಡುಕಿದ್ನಲ್ರಿ ಮತ್ತ!"

ಸಿಟ್ಟಿನಿಂದ ಬಂದವಳಿಗೆ ನಗು ಬಂತು. ಹೆಚ್ಚಿನ ತೊಂದರೆಗಳು ಶುರುವಾಗುವುದೇ ಇಂಥ ನಗುವಿನಿಂದ.

ಅದು ಜಿಯೋಕ್ಯಾಶಿಂಗ್ ಎಂಬ ಆಟ. ಕಲಬುರಗಿಯಲ್ಲಿ ಬಿ.ಎಡ್. ಓದುವಾಗ ಕಲಿತಿದ್ದಳು. ಒಂದು ಡಬ್ಬಿ ಬಚ್ಚಿಟ್ಟು, ಅದು ಎಲ್ಲಿದೆ ಎಂಬುದನ್ನು ಆ್ಯಪಿನಲ್ಲಿ ಹಾಕಬೇಕು. ಯಾರೋ ಫೋನು ಹಿಡಿದು ಹುಡುಕಿಕೊಂಡು ಬರುತ್ತಾರೆ. ಅವ್ವ ಶೇಂಗಾ ಹಿಂಡಿ ತುಂಬಿಡುತ್ತಿದ್ದ ಡಬ್ಬಿಯನ್ನೇ ಇವಳು ಕದ್ದು ತಂದಿದ್ದಳು. ಒಳಗಿದ್ದ ನೋಟ್‌ಬುಕ್ಕಿಗೂ ಬೆಳ್ಳುಳ್ಳಿ ಖಾರದ ವಾಸನೆ.

"ಸಿಕ್ಕವರು ಹೆಸರು, ತಾರೀಖು ಬರೀಬೇಕು. ಒಳಗಿಂದ ಒಂದು ತಗೊಂಡ್ರ ಬದಲಿ ಒಂದು ಇಡಬೇಕು. ಆಮ್ಯಾಲೆ ಡಬ್ಬಿ ಇದ್ದಲ್ಲೇ ಇಡಬೇಕು. ಇಷ್ಟ ರೂಲು."

"ಬದಲಿ ಇಡ್ಲಿಕ್ಕೆ ನನ್ನ ಕಡೆ ಏನದರಿ?" ಎಂದು ಗುರುಶಾಂತ ಕಿಸೆ ತಡಕಿದ. ಸಿಕ್ಕಿದ್ದು ಒಂದು ಬೆಳ್ಳಕ್ಕಿಯ ಗರಿ. ಅದನ್ನು ಇಟ್ಟು ಅವಳ ಪೆನ್ನು ತೆಗೆದುಕೊಂಡ. ಪೆನ್ನು ಆಟದ್ದಲ್ಲ ಎಂದು ಅವಳು ಹೇಳಲಿಲ್ಲ.

ಆ ಬೇಸಿಗೆ ಹಿನ್ನೀರು ಇಳಿದು ಜೊಂಡು ಹುಲ್ಲಿನ ನಡುವೆ ಕಾಲುದಾರಿ ಬಿದ್ದಿತ್ತು. ರವಿವಾರಕ್ಕೊಮ್ಮೆ ಅವಳು ಹಕ್ಕಿ ನೋಡುವ ನೆಪ ಮಾಡಿ ಹೋಗುವಳು. ಬ್ಯಾರೇಜಿನ ಮೇಲೆ ಅವನು ಹಣೆಗೆ ಕೈ ಹಚ್ಚಿ ದಾರಿ ನೋಡುತ್ತ ನಿಂತಿರುವನು. ಅವಳು ನೋಡಿದ ಕೂಡಲೇ ಗೇಟಿನ ಸರಪಳಿಯನ್ನು ಸುಮ್ಮನೆ ಒರೆಸತೊಡಗುವನು. ಅಷ್ಟು ಹೊಳೆಯುವ ಸರಪಳಿ ಭೀಮಾ ನದಿಯುದ್ದಕ್ಕೂ ಇನ್ನೊಂದಿರಲಿಲ್ಲ.

ಡಬ್ಬಿಯಲ್ಲಿ ಇವಳ ರಿಬ್ಬನ್ನು ಹೋಗಿ ಅವನ ಸೀಟಿ ಬಂತು. ಸೀಟಿ ಹೋಗಿ ಹುಣಸೆ ಚಿಗಳಿ ಬಂತು. ಅವಳ ಫೋನು ಮನೆಯವರೆಲ್ಲರ ಕೈಯಲ್ಲಿ ಓಡಾಡುತ್ತಿದ್ದುದರಿಂದ ಮಾತೆಲ್ಲ ಡಬ್ಬಿಯಲ್ಲೇ. ಒಮ್ಮೆ ಅವನು ಚೀಟಿಯಲ್ಲಿ ಬರೆದಿಟ್ಟ: "ನೀವು ಬರದ ರವಿವಾರ ನೀರು ನೋಡಲಿಕ್ಕೂ ಮನಸಾಗೂದಿಲ್ಲ." ಭಾಗ್ಯಜ್ಯೋತಿ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಇಡೀ ದಾರಿ ಬೆವರುತ್ತ ಮನೆಗೆ ಬಂದಳು.

ಏಪ್ರಿಲ್ ತಿಂಗಳಲ್ಲಿ ಖಜೂರಿಯಿಂದ ಸಂಬಂಧ ಬಂತು. ಟ್ರಕ್ಕುಗಳಿದ್ದ ಮನೆತನ. ಸೋಮವಾರ ನೋಡಲು ಬರುವವರಿದ್ದರು. ಶುಕ್ರವಾರ ಅವಳು ಚೀಟಿ ಬರೆದು ಡಬ್ಬಿಯಲ್ಲಿಟ್ಟಳು: "ಸೋಮವಾರದೊಳಗ ಬಂದು ಅಪ್ಪಗ ಒಂದು ಮಾತು ಕೇಳ್ರಿ. ಉಳಿದದ್ದು ನಾ ನೋಡ್ಕೋತೇನಿ."

ಶನಿವಾರ ಸಂಜೆ ಅಪ್ಪ ನಾಗಣ್ಣನ ಫೋನು ಬಡಿಯಿತು. ಅವನು ಯಾವಾಗಲೂ ಸ್ಪೀಕರ್ ಹಚ್ಚಿಯೇ ಮಾತಾಡುವವನು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಭಾಗ್ಯಜ್ಯೋತಿಯ ಕೈ ನಿಂತಿತು.

"ಕಾಕಾ, ನಾ ಗುರುಶಾಂತ, ಬ್ಯಾರೇಜಿಂದ. ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ. ನಾಳೆ ಮುಂಜಾನಿ ಏರ್ತದ. ದಂಡಿಮ್ಯಾಲಿನ ಮೋಟಾರ್ ತಗೀರಿ."

"ಆತಪ್ಪ. ಮತ್ತೇನು?"

ಆ ಕಡೆ ಗೇಟಿನ ಸರಪಳಿ ಕಿಣಿಗುಟ್ಟಿತು.

"ಮತ್ತೇನಿಲ್ರಿ ಕಾಕಾ."

ನೀರು ಏರುವ ಮುಂಚೆ ದಂಡೆಯ ಒಬ್ಬೊಬ್ಬ ರೈತನಿಗೂ ಹೀಗೆ ಫೋನು ಮಾಡುವುದು ಗೇಟಿನವರ ರೂಢಿ. ಊರ ಮೋಟಾರನ್ನೆಲ್ಲ ನೆನಪಿಟ್ಟವನು ಒಂದು ಡಬ್ಬಿಯನ್ನು ಮರೆತಾನೆಯೇ? ಮೊದಲು ಹೋಗಿ ಅದನ್ನೇ ತೆಗೆದಿರುತ್ತಾನೆ ಎಂದುಕೊಂಡಳು. ರವಿವಾರ ಇಡೀ ದಿನ ಅಂಗಳದ ಕಡೆ ಕಿವಿಯಿಟ್ಟಳು. ಬಂದದ್ದು ಸೋಮವಾರ, ಖಜೂರಿಯ ಜೀಪು.

ಹುಡುಗಿ ಒಪ್ಪಿಗೆಯಾದಳು. ಅವಳನ್ನು ಯಾರೂ ಕೇಳಲಿಲ್ಲ ಅನ್ನುವಂತಿಲ್ಲ, ಅಪ್ಪ ಕೇಳಿದ್ದ. ಬಾರದವನ ಹೆಸರು ಹೇಳುವುದು ಹೇಗೆ?

ವಾರದ ಮೇಲೆ ಬ್ಯಾರೇಜಿನ ರಸ್ತೆಯಲ್ಲಿ ಗುರುಶಾಂತ ಎದುರಾದ.

"ಡಬ್ಬಿ?" ಎಂದಳು.

"ನೀರಾಗ ಹೋತ್ರಿ. ನಾ ಹೋಗೂದ್ರಾಗ ಏರಿತ್ತು." ಅವನ ನೋಟ ತನ್ನ ಚಪ್ಪಲಿಯ ಮೇಲಿತ್ತು. "ಒಳಗ ಏನಾರ ಇತ್ತೇನ್ರಿ?"

ಪಾಪ, ಇವನಿಗೆ ಗೊತ್ತೇ ಇಲ್ಲ. ಈಗ ಹೇಳಿದರೆ ಜೀವಮಾನವಿಡೀ ಕೊರಗುತ್ತಾನೆ.

"ಏನಿದ್ದಿಲ್ರಿ," ಎಂದು ನಡೆದಳು.

ಆ ಮರುಕವನ್ನೇ ಬುತ್ತಿ ಕಟ್ಟಿಕೊಂಡು ಖಜೂರಿಗೆ ಹೋದಳು. ಗಂಡ ಶಿವಪ್ರಕಾಶ ಕೆಟ್ಟವನಲ್ಲ. ಊಟ ಆಯಿತೇ ಎಂದು ದಿನಾ ಕೇಳುತ್ತಿದ್ದ, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಮನಸ್ಸು ಖಾಲಿಯಾದಾಗಲೆಲ್ಲ ಅವಳು ನೀರನ್ನು ಬೈಯುತ್ತಿದ್ದಳು. ಅವನನ್ನು ಒಮ್ಮೆಯೂ ಬೈಯಲಿಲ್ಲ. ನೀರು ಒಂದು ದಿನ ತಡವಾಗಿ ಬಂದಿದ್ದರೆ ಎಂಬ ಲೆಕ್ಕದಲ್ಲೇ ವರ್ಷ ಕಳೆಯಿತು.

ಮರುವರ್ಷ ಬೇಸಿಗೆಯಲ್ಲಿ ಫೋನು ಟಿಂಗ್ ಎಂದಿತು. ಮರೆತೇಹೋಗಿದ್ದ ಆ್ಯಪು. ಕಲಬುರಗಿಯ ಸೊಹೇಲ ಎಂಬವನು ಬರೆದಿದ್ದ: "ಸೊನ್ನದ ಡಬ್ಬಿ ಸಿಕ್ತು. ಹೇಳಿದ ಜಾಗದಿಂದ ಇಪ್ಪತ್ತು ಹೆಜ್ಜೆ ಮೇಲೆ, ಬನ್ನಿ ಗಿಡದ ಪೊಟರೆಯಲ್ಲಿ. ಒಳಗೆ ಒಂದು ಹನಿ ನೀರಿಲ್ಲ. ಥ್ಯಾಂಕ್ಸ್."

ತವರಿಗೆಂದು ಹೇಳಿ ಬಂದವಳು ಸೀದಾ ಹಿನ್ನೀರಿಗೆ ನಡೆದಳು. ಬನ್ನಿ ಗಿಡ ಇದ್ದದ್ದು ದಿಬ್ಬದ ಮೇಲೆ. ಏರಿದ ನೀರು ಬಿಟ್ಟುಹೋದ ಗೆರೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಕೈ ಹಾಕಿದಳು. ಕೆಂಪು ಮುಚ್ಚಳ. ನೋಟ್‌ಬುಕ್ಕು ಬೆಚ್ಚಗೆ, ಗರಿಗರಿಯಾಗಿತ್ತು, ಖಾರದ ವಾಸನೆ ಇನ್ನೂ ಇತ್ತು. ಸೊಹೇಲನ ಸಾಲಿನ ಮೇಲೆ, ಅವಳದೇ ಪೆನ್ನಿನಿಂದ ಬರೆದ ಗುಂಡು ಅಕ್ಷರ:

"ಶನಿವಾರ, ಏಪ್ರಿಲ್ ೧೨, ಮುಂಜಾನೆ. ಸಿಕ್ಕಿತು. ಗುರುಶಾಂತ."

ಶನಿವಾರ ಮುಂಜಾನೆ. ಅಪ್ಪನಿಗೆ ಫೋನು ಬಂದದ್ದು ಅದೇ ಸಂಜೆ. ಮತ್ತೇನು ಎಂದು ಅಪ್ಪ ತಾನಾಗಿಯೇ ಕೇಳಿದಾಗ ಇವನ ಕಿಸೆಯಲ್ಲಿ ಅವಳ ಚೀಟಿ ಇತ್ತು.

ಡಬ್ಬಿಯನ್ನು ಬೋರಲು ಹಾಕಿ ಜಾಡಿಸಿದಳು. ಬೆಳ್ಳಕ್ಕಿಯ ಗರಿ ಬಿತ್ತು. ಚೀಟಿ ಇರಲಿಲ್ಲ. ಚೀಟಿಯ ಬದಲಿಗೆ ಅವನು ಏನನ್ನೂ ಇಟ್ಟಿರಲಿಲ್ಲ.

ಅವನಿಗೆ ಧೈರ್ಯ ಸಾಲಲಿಲ್ಲ, ಅದನ್ನಾದರೂ ಕ್ಷಮಿಸಬಹುದಿತ್ತು. ಆದರೆ ವರ್ಷವಿಡೀ ಅವಳು ಮರುಕಪಟ್ಟ ಗುರುಶಾಂತ ಇರಲೇ ಇಲ್ಲ. ಬ್ಯಾರೇಜಿನ ಮೇಲೆ ಯಾರೋ ಹಣೆಗೆ ಕೈ ಹಚ್ಚಿ ನಿಂತಿದ್ದರು. ಈ ಸಲ ಅವಳು ನೋಡಲಿಲ್ಲ.

ಆ್ಯಪಿನಿಂದ ಡಬ್ಬಿಯ ಹೆಸರು ಅಳಿಸಿ, ಗರಿಯನ್ನು ಅಲ್ಲೇ ಗಾಳಿಗೆ ಬಿಟ್ಟು ಮನೆಗೆ ಬಂದಳು. ಅವ್ವ ಗುರಮ್ಮ ಶೇಂಗಾ ಕುಟ್ಟುತ್ತಿದ್ದಳು.

"ಅಯ್ಯ, ನನ್ನ ಡಬ್ಬಿ! ಎಲ್ಲಿತ್ತಬೇ ಇದು?"

"ನೀರಾಗ ಬಿದ್ದಿತ್ತವ್ವಾ."

ಗುರಮ್ಮ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಮಗಳ ಮುಖ ನೋಡಿದಳು.

"ಒಂದ್ ಚೂರೂ ತೊಯ್ದಿಲ್ಲಲ್ಲಬೇ," ಎಂದಳು.