ಗಾಳಿ ಪೈಪಿನ ಬಾಯಿ

"ಆ ಗಾಳಿ ಪೈಪಿಗೆ ಮಾತ್ರ ಬಾಯಿಡಬೇಡಪ್ಪಾ," ಎಂದಳು ಮನೆಯೊಡತಿ, ಬಚ್ಚಲ ಹೊಸ್ತಿಲಾಚೆಯೇ ನಿಂತು. "ನನ್ನ ವಾರಗಿತ್ತಿ ಅದಕ್ಕೆ ಮಾಟ ಮಾಡಿಸಿದಾಳೆ. ಬಾಯಿಟ್ಟವರ ದನಿ ನುಂಗುತ್ತೆ. ನಮ್ಮೆಜಮಾನ್ರನ್ನ ನೋಡು."

ಯಜಮಾನ ನಡುಮನೆಯ ಕುರ್ಚಿಯಲ್ಲಿದ್ದ. ತುಟಿ ಆಡುತ್ತಿತ್ತು. ಸದ್ದಿರಲಿಲ್ಲ.

ಕೊಳಾಯಿ ಕೆಲಸದವನು ಆ ಬೀದಿಗೆ ಹೊಸಬ. ಬೆಳಗಿನಿಂದ ಹಳೆಯ ಟೈಲ್ಸ್ ಒಡೆದು ಅವನ ರಟ್ಟೆ ಬಿದ್ದುಹೋಗಿತ್ತು. "ನನ್ನ ದನಿ ಹೋದ್ರೆ ನನ್ನ ಹೆಂಡ್ತಿ ನಿಮಗೆ ಕೈ ಮುಗೀತಾಳಮ್ಮಾ," ಎಂದು ನಕ್ಕ. ಪೂರ್ತಿ ನಗುವುದಕ್ಕೂ ಸುಸ್ತು.

ಹೆಂಡತಿಗೆ ಕಣ್ಣಿನ ಆಪರೇಷನ್ ಆಗಿತ್ತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಚಿಲಕ ಹಾಕಿಕೊಂಡು ಒಬ್ಬಳೇ ಕೂತಿರುತ್ತಿದ್ದಳು. ನನ್ನ ದನಿ ಕೇಳದೆ ಬಾಗಿಲು ತೆಗೆಯಬೇಡ ಎಂದು ಕಟ್ಟಪ್ಪಣೆ ಮಾಡಿದವನು ಅವನೇ.

ಸಂಜೆಗೆ ಹೊಸ ಷವರು ಕೂತಿತು. ನೀರು ಬಿಟ್ಟ. ಅದು ಇಳಿಯಲಿಲ್ಲ; ಮೋರಿಯ ಜಾಲರಿಯ ಬಳಿ ಗೊಳಗೊಳ ಎಂದು ನಿಂತಿತು. ಒಡೆದ ಗೋಡೆಯೊಳಗೆ ಆ ತುಕ್ಕು ಪೈಪು, ಮೋರಿಯ ಕೆಟ್ಟ ಗಾಳಿಯನ್ನು ತಾರಸಿಯಾಚೆಗೆ ಒಯ್ಯುವಂಥದ್ದು. ಅದು ಎಲ್ಲೋ ಕಟ್ಟಿಕೊಂಡಿದೆ, ಅದಕ್ಕೇ ನೀರು ಇಳಿಯುತ್ತಿಲ್ಲ. ತಾರಸಿ ಹತ್ತಿ ನೋಡಬೇಕಿತ್ತು. ಕಾಲು ಒಲ್ಲೆ ಎಂದವು. ದಣಿದಾಗ ಕಸುಬಿನವರೆಲ್ಲ ಮಾಡುವುದನ್ನೇ ಅವನೂ ಮಾಡಿದ: ಜೋಡಣೆ ಬಿಚ್ಚಿ, ಅಂಚು ಒರೆಸಿ, ಬಾಯಿಟ್ಟು ಊದಿದ.

ಉಸಿರು ಒಳಗೆ ಹೋಯಿತು. ಹೋಗುತ್ತಲೇ ಇತ್ತು.

ಪೈಪು ಎಳೆಯತೊಡಗಿತ್ತು. ಕೊಳೆತ ಕೂದಲಿನ ನಾತ. ಕಬ್ಬಿಣಕ್ಕೆ ತುಟಿ ಅಂಟಿತು. ಕೂಗಿದ. ಕೂಗು ಒಳಕ್ಕೇ ಹೋಯಿತು. ದೂರ. ಇನ್ನೂ ದೂರ. ಗೋಡೆಗೆ ಕಾಲೊತ್ತಿ ಕಿತ್ತುಕೊಂಡ. ತುಟಿಯ ಚರ್ಮ ಅಲ್ಲೇ ಉಳಿಯಿತು.

"ಅಯ್ಯೋ, ಬಾಯಿಟ್ಟುಬಿಟ್ಯಾ?" ಎಂದಳು ಮನೆಯೊಡತಿ, ಹೊಸ್ತಿಲಾಚೆಯಿಂದಲೇ.

ಅವನು ಬಾಯಿ ತೆರೆದ. ಬರೀ ಗಾಳಿ ಬಂತು.

ಸಲಕರಣೆ ಅಲ್ಲೇ ಬಿಟ್ಟು ತನ್ನ ಮನೆಗೆ ಓಡಿದ. ಬಾಗಿಲು ಬಡಿದ.

"ಯಾರು?"

ಮತ್ತೆ ಬಡಿದ.

"ಯಾರೂಂತ ಬಾಯಿ ಬಿಟ್ಟು ಹೇಳಿ! ರೀ... ನೀವಾ?"

ಆಗ ಮನೆಯೊಳಗೆ, ಬಚ್ಚಲ ಕಡೆಯಿಂದ, ಅವನದೇ ದನಿ ಕೇಳಿಸಿತು. ಅದೇ ದಣಿವು ಕೂಡ. "ನಾನು ಆಗಲೇ ಬಂದೆ ಕಣೇ. ಅದ್ಯಾರೋ ಏನೋ, ತೆಗೀಬೇಡ. ಸ್ವಲ್ಪ ಇಲ್ಲಿ ಬಾ."

"ಅಬ್ಬ! ಯಾವಾಗ ಬಂದ್ರಿ? ಬೆಕ್ಕಿನ ಹಾಗೆ!" ಅವಳು ನಿರಾಳವಾಗಿ ನಕ್ಕಳು.

ಅವನು ಗುದ್ದಿದ. ಒದ್ದ. ಬಾಗಿಲಿನ ಆಚೆ ಅವಳು ಮೇಲಿನ ಚಿಲಕವನ್ನೂ ಹಾಕಿದ ಸದ್ದು. ಆಮೇಲೆ ಗೋಡೆ ತಡವುವ ಬಳೆಯ ಸದ್ದು ಮೆಲ್ಲಗೆ ಒಳಗೊಳಗೆ ಸರಿಯಿತು.

ಬಚ್ಚಲ ಬಾಗಿಲು ಕಿರುಗುಟ್ಟಿತು.