ಹಕ್ಕಿಯ ಅರ್ಥ ಹೇಳಿದ ಭಾನುವಾರ

ಶ್ರಾವಣದ ಮಳೆ ಹಿಡಿದ ಒಂದು ದಿನ, ಮಧ್ಯಾಹ್ನ ಮೂರರ ಹೊತ್ತಿಗೆ ಇದು ಶುರುವಾಯಿತು.

ಕಲ್ಕತ್ತೆಯ ಕಾಳಿಘಾಟಿನ ಗುಡಿಗೆ ಹೋಗುವ ದಾರಿಯ ಪಕ್ಕದ ಗಲ್ಲಿಯಲ್ಲಿ ಹರಿದಾಸರ ಹೋಟೆಲು. ಊಟದವರು ಎದ್ದು ಹೋಗಿದ್ದರು. ಸಂಜೆಯ ತಿಂಡಿಗೆ ಇನ್ನೂ ಹೊತ್ತಿತ್ತು. ಹರಿದಾಸರ ಮಗಳು ಮುಕ್ತಾ ಗಲ್ಲಾದ ಪಕ್ಕ ನಿಂತು, ಪಾರ್ಸೆಲ್ ಸಾಂಬಾರಿನ ಪ್ಲಾಸ್ಟಿಕ್ ಪೊಟ್ಟಣಗಳ ಬಾಯಿಗೆ ನೂಲು ಸುತ್ತುತ್ತಿದ್ದಳು.

ಅದು ಅವಳ ಅಮ್ಮ ಜಲಜಾ ನಿಲ್ಲುತ್ತಿದ್ದ ಜಾಗ. ಅಮ್ಮ ತೀರಿಕೊಂಡು ವರ್ಷ ದಾಟಿತ್ತು. ಆದರೂ ಅಲ್ಲಿ ನಿಂತಾಗೆಲ್ಲ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗೆ ಅವಳ ಕಾಲು ತಡವರಿಸುತ್ತಿತ್ತು.

ಮಳೆಯಲ್ಲಿ ತೊಯ್ದ ಒಬ್ಬ ಹುಡುಗ ಒಳಗೆ ಬಂದ. ಇಡ್ಲಿ ಹೇಳಿದ. ಎರಡು ತುತ್ತು ತಿಂದು, ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಹೇಳಿದ.

"ಇಡ್ಲಿ ಪರವಾಗಿಲ್ಲ ಕಣೋ. ಸಾಂಬಾರಿಗೆ ಮಾತ್ರ ಬೆಲ್ಲ ಸುರಿದುಬಿಟ್ಟಿದ್ದಾರೆ. ಪಾಯಸ ಕುಡಿದಂಗಿದೆ."

ಮುಕ್ತಾ ತಲೆಯೆತ್ತಲಿಲ್ಲ. ನೂಲು ಸುತ್ತುತ್ತಲೇ ಹೇಳಿದಳು.

"ಪಾಯಸಕ್ಕೆ ಬೇರೆ ಬಿಲ್ಲು ಉಂಟು ಮಾರಾಯ್ರೆ. ಅದು ಸಾಂಬಾರೇ."

ಹುಡುಗನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಅಯ್ಯೋ... ನೀವು ಕನ್ನಡದವರಾ?"

"ಹುಟ್ಟಿದ್ದು ಇಲ್ಲೇ. ಬೆಲ್ಲ ಮಾತ್ರ ಉಡುಪಿಯದ್ದು."

ಅವನು ನಕ್ಕ. ಮುಕ್ತಾಳೂ ನಕ್ಕಳು. ನಕ್ಕ ಮೇಲೆ ಅವಳಿಗೇ ಆಶ್ಚರ್ಯವಾಯಿತು... ಆ ಜಾಗದಲ್ಲಿ ನಿಂತು ನಗಬಹುದು ಎಂದು ಅವಳು ಅಲ್ಲಿಯವರೆಗೆ ಎಣಿಸಿರಲಿಲ್ಲ.

ಅವನ ಹೆಸರು ಜೀವನ್. ಬೆಂಗಳೂರಿನವನು. ಎಸ್ಪ್ಲನೇಡಿನ ಒಂದು ಬ್ಯಾಂಕಿನಲ್ಲಿ ಕೆಲಸ, ಬಾರಾನಗರದಲ್ಲಿ ಬಾಡಿಗೆ ಕೋಣೆ. ಮನೆಗೆ ಹೋಗುವ ಮೆಟ್ರೋ ಉತ್ತರಕ್ಕೆ ಹೋದರೆ, ಇವನು ದಿನಾ ದಕ್ಷಿಣದ ಮೆಟ್ರೋ ಹತ್ತಿ ಕಾಳಿಘಾಟಿಗೆ ಬಂದು, ಬೆಲ್ಲದ ಸಾಂಬಾರು ಉಂಡು ಹೋಗತೊಡಗಿದ. ಅಷ್ಟು ಸುತ್ತು ಸಾಂಬಾರಿಗಲ್ಲ ಎಂದು ಯಾರಿಗೆ ಗೊತ್ತಾಗುವುದಿಲ್ಲ?

ಹೋಟೆಲಿನ ಮಹಡಿಯ ಮೇಲೆ ಒಂದು ಕೋಣೆ ಇತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಕನ್ನಡದ ನಾಲ್ಕು ಜನ ಸೇರುತ್ತಿದ್ದರು. ಹರಿದಾಸರಿಗೆ ತಾಳಮದ್ದಳೆಯ ಹುಚ್ಚು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇಬ್ಬರು ಎದುರುಬದುರು ಕೂತು, ಒಬ್ಬೊಬ್ಬರು ಒಂದು ಪಾತ್ರದ ಬಾಯಿಯಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಕಲ್ಕತ್ತೆಯಲ್ಲಿ ಭಾಗವತರೂ ಇಲ್ಲ, ಮದ್ದಳೆಯೂ ಇಲ್ಲ. ಅದಕ್ಕೇ ಹರಿದಾಸರು ಯಾವ ಪದ್ಯ ಸಿಕ್ಕಿದರೂ ಅದಕ್ಕೆ ಹಾಗೆಯೇ ಅರ್ಥ ಹೇಳಿಸುತ್ತಿದ್ದರು.

ಜೀವನ್ ಕೂಡ ಬಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಯಾರ ಮಾತನ್ನು ಕೇಳುತ್ತಿದ್ದ ಎಂಬುದು ಮುಕ್ತಾಳಿಗೆ ಗೊತ್ತಿತ್ತು.

ಮಹಾಲಯಕ್ಕೆ ಮೊದಲಿನ ಗುರುವಾರ, ಗುಡಿಯ ದಾರಿಯ ಬಳೆ ಅಂಗಡಿಯ ಮುಂದೆ ಅವನು ಅವಳ ಕೈಗೆ ಒಂದು ಪುಟ್ಟ ಪೊಟ್ಟಣ ಇಟ್ಟ. ಒಳಗೆ ಕೂದಲಿಗೆ ಹಾಕುವ ಕೆಂಪು ಕ್ಲಿಪ್ಪು. ಪ್ಲಾಸ್ಟಿಕ್ಕಿನದು, ಆದರೆ ಕೆಂಡದ ಹಾಗೆ ಹೊಳೆಯುತ್ತಿತ್ತು.

"ಉಂಗುರ ಕೊಡೋಕೆ ಧೈರ್ಯ ಸಾಲಲಿಲ್ಲ," ಎಂದ. "ಇದನ್ನ ಇಟ್ಕೊಳಿ. ಉಂಗುರ ತರಲಾ ಬೇಡ್ವಾ... ನೀವೇ ಹೇಳಿ."

ಮುಕ್ತಾ ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. *ನಾನು ಪ್ರೀತಿಯಿಂದ ಕೊಟ್ಟದ್ದು ಒಬ್ಬರಿಗೆ ಒಳ್ಳೆಯದಾಗಲಿಲ್ಲ. ಇವರಿಗೆ ಆಗುತ್ತದಾ?*

"ಭಾನುವಾರ ಹೇಳ್ತೇನೆ," ಎಂದಳು.

ಆ ಭಾನುವಾರ ಚನ್ನಮ್ಮ ಒಂದು ಹಾಳೆ ಹಿಡಿದು ಬಂದರು. ಚನ್ನಮ್ಮ ಹುಬ್ಬಳ್ಳಿಯವರು. ಗಂಡ ರೈಲ್ವೆಯಲ್ಲಿದ್ದರು. ಅವರು ಹೋದ ಮೇಲೂ ಮಗ ಮೊಮ್ಮಗಳೊಡನೆ ಇಲ್ಲೇ ಉಳಿದವರು.

"ನಮ್ಮ ಸ್ಫೂರ್ತಿಗೆ ಸಾಲ್ಯಾಗ ಇಂಗ್ಲಿಷ್ ಪದ್ಯ ಕೊಟ್ಟಾರ. ಅರ್ಥ ಬರಕೊಂಡು ಬಾ ಅಂದಾರಂತ. ಆಕೀಗೆ ಕನ್ನಡ ಬರಂಗಿಲ್ಲ, ನನಗ ಇಂಗ್ಲಿಷ್ ಬರಂಗಿಲ್ಲ. ನಡುವ ಆ ಹಕ್ಕಿ ಸಾಯಾಕ ಹತ್ತೇತಿ."

ಎಲ್ಲರೂ ನಕ್ಕರು. ಜೀವನ್ ಹಾಳೆ ತೆಗೆದುಕೊಂಡು, ನಿಧಾನವಾಗಿ ಕನ್ನಡದಲ್ಲಿ ಹೇಳಿದ.

"ಅಲೆಯ ಮೇಲೆ ಕೆಂಪಗೆ ತೇಲಿ ಬಂದುದ
ಮೀನೆಂದು ಕೊಕ್ಕಿನಲಿ ಹೊತ್ತು ತಂದೆ.
ತೆರೆದಿತ್ತು ಮರಿಯ ಬಾಯಿ, ತುಂಬಿದೆ.
ತುಂಬಿದ ಹೊಟ್ಟೆಯಲ್ಲೇ ಹಸಿದು ಸತ್ತಿತು."

ಕೋಣೆಯ ನಗು ಎಲ್ಲಿ ಹೋಯಿತೋ.

"ಅದು ಬಾಟಲಿ ಮುಚ್ಚಳ," ಜೀವನ್ ಹೇಳಿದ. "ಸಮುದ್ರಕ್ಕೆ ಬಿದ್ದ ಪ್ಲಾಸ್ಟಿಕ್ಕು. ತಾಯಿ ಹಕ್ಕಿಗೆ ಗೊತ್ತಾಗಲ್ಲ. ಹೊಟ್ಟೆ ತುಂಬಿರುತ್ತೆ, ಆದ್ರೆ ಒಳಗೆ ಊಟಾನೇ ಇರಲ್ಲ."

"ಪಾಪ, ಯಾರು ಒಗದಿದ್ರೋ ಅದನ್ನ," ಎಂದರು ಚನ್ನಮ್ಮ.

"ಅದೇ ನೋಡಿ," ಮುಕ್ತಾ ಮೆಲ್ಲಗೆ ಹೇಳಿದಳು. "ಎಸೆದವರು ಪದ್ಯದಲ್ಲಿ ಎಲ್ಲೂ ಇಲ್ಲ. ಹಕ್ಕಿ ಉಂಟು, ಮರಿ ಉಂಟು, ಅಲೆ ಉಂಟು. ತಪ್ಪು ಮಾಡಿದವರು ಕಾಣುವುದೇ ಇಲ್ಲ. ಅದಕ್ಕೇ ತಾಯಿ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುವುದು. ತಂದೆ, ತುಂಬಿದೆ... ಎರಡೂ ನಾನೇ ಮಾಡಿದ್ದು ಅಂತ."

ಹರಿದಾಸರು ತೊಡೆ ತಟ್ಟಿದರು. "ಬಂತು ನೋಡಿ ಪ್ರಸಂಗ. ಹಾಗಾದರೆ ಹಕ್ಕಿ ಯಾರನ್ನು ಕೇಳಬೇಕು? ಕಡಲನ್ನು. ಮುಕ್ತಾ, ನೀನು ಹಕ್ಕಿ. ಜೀವನ್, ಬನ್ನಿ ಮಾರಾಯ್ರೆ, ನೀವು ಕಡಲು. ಎದುರು ಕೂತುಕೊಳ್ಳಿ."

ಜೀವನ್ ನಾಚುತ್ತ ಬಂದು ಅವಳ ಎದುರು ಕೂತ. ಅವನು ಅರ್ಥ ಹೇಳುವುದು ಅದೇ ಮೊದಲು.

"ಹಕ್ಕಿಯೇ, ನನ್ನ ಮೇಲೆ ಯಾಕೆ ಸಿಟ್ಟು?" ಎಂದ. "ತೇಲಿ ಬಂದದ್ದನ್ನ ತೇಲಿಸೋದು ನನ್ನ ಗುಣ. ತಿನ್ನು ಅಂತ ನಾನು ಹೇಳಲಿಲ್ಲ."

ಮುಕ್ತಾ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಒಂದು ಆಸ್ಪತ್ರೆಯ ಮಂಚ ಬಂತು. ಒಂದು ಗಂಜಿಯ ಬಟ್ಟಲು ಬಂತು. ಅವಳ ಧ್ವನಿ ಬದಲಾಯಿತು.

"ಹೇಳಲಿಲ್ಲ ನೀನು. ಆದರೆ ಕೆಂಪಗೆ ಹೊಳೆಯುವುದನ್ನು ನನ್ನ ಮುಂದೆ ತಂದಿಟ್ಟೆ. ನಿನ್ನನ್ನು ನಂಬಿದೆ, ಕಡಲೇ. ನೀನು ಕೊಟ್ಟದ್ದೆಲ್ಲ ಅನ್ನವೆಂದು ನಂಬಿದೆ. ಅದು ಅರಗಲಿಲ್ಲ, ಹೊರಗೂ ಬರಲಿಲ್ಲ. ಇನ್ನು ನಿನ್ನಿಂದ ನನಗೇನೂ ಬೇಡ. ನಿನ್ನ ಮೀನೂ ಬೇಡ, ನಿನ್ನ ಹೊಳಪೂ ಬೇಡ. ನನ್ನ ದಡಕ್ಕೆ ಒಂದು ಅಲೆಯನ್ನೂ ಕಳಿಸಬೇಡ."

ಜೀವನ್ ಪದ್ಯದ ಹಾಳೆಯನ್ನು ಮಡಚಿ ಚನ್ನಮ್ಮನ ಕೈಗೆ ಕೊಟ್ಟ.

"ಕಡಲು ಸೋತಿತು," ಎಂದು ಹರಿದಾಸರು ಚಪ್ಪಾಳೆ ತಟ್ಟಿದರು.

ಮುಕ್ತಾ ಕಣ್ಣು ಒರೆಸಿಕೊಂಡು ನೋಡುವಾಗ ಎದುರಿನ ಜಾಗ ಖಾಲಿ ಇತ್ತು. ಮೆಟ್ಟಿಲಿನಲ್ಲಿ ಅವನ ಹೆಜ್ಜೆಯ ಸದ್ದು ಕೇಳಿಸಿ, ನಿಂತುಹೋಯಿತು.

ಅವಳು ಸಂಜೆಯವರೆಗೆ ಕಾದಳು. ಆಮೇಲೆ ಫೋನಿನಲ್ಲಿ ಬರೆದಳು: "ಎಂತ ಆಯ್ತು? ಹೇಳದೆ ಹೊರಟಿರಲ್ಲ."

ಉತ್ತರ ಬಂತು: "ನನಗೆ ಬೇಕಾದ ಉತ್ತರ ಕೊಟ್ರಲ್ಲ. ಸಾಕು."

ಮುಕ್ತಾ ಅದನ್ನು ಓದಿ ತಲೆಯ ಹಿಂದೆ ಕೈ ಇಟ್ಟುಕೊಂಡಳು. ಆ ದಿನ ಅವಳು ಆ ಕೆಂಪು ಕ್ಲಿಪ್ಪು ಹಾಕಿಕೊಂಡಿದ್ದಳು. ಬಾಯಿಯಲ್ಲಿ ಹೇಳಲು ನಾಚಿಕೆಯಾಗಿ, ಅದನ್ನೇ ಉತ್ತರ ಮಾಡಿಕೊಂಡು ಬಂದಿದ್ದಳು.

*ಹಾಗಾದರೆ ನೋಡಿದ್ದಾರೆ...* ಎಂದುಕೊಂಡು ಅವಳು ಒಬ್ಬಳೇ ನಕ್ಕಳು.

ಪಾಪದ ಹುಡುಗಿ. ಎದುರು ಕೂತವನಿಗೆ ತಲೆಯ ಹಿಂದಿನದು ಹೇಗೆ ಕಾಣಬೇಕು?

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಪೂಜೆಯ ದಿನಗಳು ಹತ್ತಿರವಾದವು. ಗಲ್ಲಿಯ ಬಾಯಿಗೆ ಪಂಡಾಲಿನ ಬಿದಿರು ಬಂತು, ದೀಪ ಬಂತು. ಹೋಟೆಲಿನಲ್ಲಿ ಕೈಗೆ ಬಿಡುವಿಲ್ಲದಷ್ಟು ಕೆಲಸ. ಮುಕ್ತಾ ಸಾಂಬಾರಿಗೆ ಬೆಲ್ಲ ಹಾಕುವಾಗ ಪ್ರತಿಸಲವೂ ಬಾಗಿಲ ಕಡೆ ನೋಡುತ್ತಿದ್ದಳು. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟೂ ಹೋಯಿತು. ಅಮ್ಮ ಹೋದ ತಿಂಗಳಿನ ಹಾಗೆ ಎದೆಯೊಳಗೆ ಬರೀ ಬೂದಿ ಉಳಿಯಿತು.

ನವಮಿಯ ಬೆಳಿಗ್ಗೆ ಚನ್ನಮ್ಮ ಬಂದು ಕುರ್ಚಿಯಲ್ಲಿ ಕುಸಿದರು.

"ಏನವ್ವಾ, ಆ ಜೀವನ್ ಹುಡುಗ ಪೋರ್ಟ್ ಬ್ಲೇರಿಗೆ ಹೊಂಟಾನಂತಲ್ಲ. ಪೂಜಾ ಸೂಟಿಗಿಂತ ಮೊದಲ ಪಿಂಚಣಿ ತರಾಕ ಅವನ ಬ್ಯಾಂಕಿಗೆ ಹೋದಾಗ ಅಲ್ಲಿಯವರು ಹೇಳಿದ್ರು. ಯಾರೂ ಹೋಗಾಕ ಒಲ್ಲೆ ಅಂದ ಜಾಗಾ ಅಂತ. ಇಂವಾ ತಾನಾಗೇ ಕೇಳಿ ಹಾಕಿಸಿಕೊಂಡಾನ. ಅದೂ ಆ ಪದ್ಯ ಓದಿದ ಮರುದಿನನ. ದಶಮಿ ಮುಗದ ಮರುದಿನ ಹಡಗಂತ."

ಮುಕ್ತಾಳ ಕೈಯಿಂದ ನೂಲಿನ ಉಂಡೆ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

ಪದ್ಯ ಓದಿದ ಮರುದಿನ. *ನನಗೆ ಬೇಕಾದ ಉತ್ತರ ಕೊಟ್ರಲ್ಲ.* ಅವಳಿಗೆ ಈಗ ಎಲ್ಲವೂ ತಿಳಿಯಿತು.

"ಅಪ್ಪ," ಎಂದಳು, "ಅರ್ಥ ಹೇಳುವ ಆಸನದಲ್ಲಿ ಆಡಿದ ಮಾತನ್ನು ಆಸನದಲ್ಲೇ ಬಿಟ್ಟು ಏಳಬೇಕು ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ?"

ಹರಿದಾಸರು ಸೌಟು ಹಿಡಿದು ನಿಂತುಬಿಟ್ಟರು. ಅವರ ಊರಿನಲ್ಲಿ ಅದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿರಲಿಲ್ಲ. ಅರ್ಥದಲ್ಲಿ ಬೈದುಕೊಂಡವರು ಕೆಳಗಿಳಿದು ಒಂದೇ ಲೋಟದ ಚಹಾ ಕುಡಿಯುವುದನ್ನು ನೋಡುತ್ತಲೇ ಬೆಳೆದವರು ಅವರು.

"ಇಲ್ಲ ಮಗಳೇ," ಎಂದರು. "ಗೊತ್ತಿರುತ್ತದೆ ಅಂತ ಎಣಿಸಿದೆ."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದು ಚನ್ನಮ್ಮ ನಿಟ್ಟುಸಿರು ಬಿಟ್ಟರು. "ಇನ್ನೂ ಹೋಗಿಲ್ಲ ಅಂವಾ. ಏಳು."

ಮುಕ್ತಾ ಏಪ್ರನ್ ಬಿಚ್ಚಿಟ್ಟು ಹೊರಟಳು.

ಬಾರಾನಗರದ ಅವನ ಕೋಣೆಗೆ ಬೀಗ ಬಿದ್ದಿತ್ತು. ಪಕ್ಕದ ಘಾಟಿನ ಮೆಟ್ಟಿಲ ಮೇಲೆ ಅವನು ಒಬ್ಬನೇ ಕೂತಿದ್ದ. ದೂರದಲ್ಲಿ ಪೂಜೆಯ ಢಾಕ್ ಡೋಲು ಬಾರಿಸುತ್ತಿದ್ದರು. ಹೊಳೆಯ ನೀರು ಮಣ್ಣು ಬಣ್ಣದ್ದು. ಹುಲ್ಲು, ಹೂವು, ಬಾಯಿ ಕಟ್ಟಿದ ಪ್ಲಾಸ್ಟಿಕ್ ಪೊಟ್ಟಣಗಳು ಒಂದರ ಹಿಂದೆ ಒಂದು ಸಮುದ್ರದ ಕಡೆಗೆ ಹೋಗುತ್ತಿದ್ದವು.

ಅವಳನ್ನು ಕಂಡು ಅವನು ಎದ್ದು ನಿಂತ.

"ಇಲ್ಲಿಗೆ ಯಾಕೆ ಬಂದ್ರಿ? ಅಲೆ ಕಳಿಸಬೇಡ ಅಂದ್ರಿ. ಕಳಿಸ್ತಿಲ್ಲ ನಾನು."

"ಅದು ನಿಮಗೆ ಹೇಳಿದ್ದಲ್ಲ."

"ಎದುರಿಗೆ ಕೂತಿದ್ದವನು ನಾನೇ ತಾನೆ? ಕೆಂಪಗೆ ಹೊಳೆಯೋದು ಕೊಟ್ಟವನೂ ನಾನೇ."

"ಎದುರಿಗೆ ಕೂತದ್ದು ಕಡಲು. ನಮ್ಮಲ್ಲಿ ಹಾಗೆ. ಆ ಮಾತು ಪಾತ್ರದ್ದು, ಅಲ್ಲೇ ಬಿಟ್ಟು ಏಳುವುದು. ನಿಮಗೆ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ."

ಅವನು ತಲೆಯಾಡಿಸಿದ. "ಪಾತ್ರಕ್ಕೆ ಅಷ್ಟು ಅಳು ಬರಲ್ಲ ಮುಕ್ತಾ. ನಾನು ನೋಡಿದೆ. ಅದು ನಿಮ್ಮದೇ ಅಳು."

ಅವನು ಹೇಳಿದ್ದು ನಿಜ. ಮುಕ್ತಾ ಮೆಟ್ಟಿಲ ಮೇಲೆ ಕೂತಳು.

"ಹೌದು, ನನ್ನದೇ," ಎಂದಳು. "ಅಮ್ಮನಿಗೆ ಹೊಟ್ಟೆನೋವು ಅಂತ ಆಸ್ಪತ್ರೆಗೆ ಸೇರಿಸಿದ್ದೆವು. ಬೇಡ ಬೇಡ ಅಂದರೂ ನಾನು ಗಂಜಿ ತಿನ್ನಿಸಿದೆ. ಇನ್ನೊಂದು ಚಮಚ ಅಮ್ಮ, ನನಗೋಸ್ಕರ ಅಂತ... ನನಗೋಸ್ಕರ ತಿಂದಳು. ಕರುಳು ಕಟ್ಟಿಹೋಗಿತ್ತು ಅಂತ ಆಮೇಲೆ ಗೊತ್ತಾದದ್ದು. ಯಾರು ತಿನ್ನಿಸಿದ್ದು ಅಂತ ಡಾಕ್ಟರ್ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅಪ್ಪನಿಗೂ ಹೇಳಿಲ್ಲ."

ಜೀವನ್ ಅವಳ ಪಕ್ಕದಲ್ಲಿ ಕೂತ.

"ಆ ಹಕ್ಕಿ ನಾನು. ಬೈದದ್ದು ನಿಮಗಲ್ಲ. ನಾನು ಕೊಟ್ಟದ್ದು ಯಾರಿಗೂ ಅರಗುವುದಿಲ್ಲ ಅಂತ ಹೆದರಿಕೆ ನನಗೆ. ಅದಕ್ಕೇ ಗುರುವಾರ ಹೇಳದೆ ಭಾನುವಾರಕ್ಕೆ ಹಾಕಿದ್ದು."

ಅವನು ಮೆಲ್ಲಗೆ ಹೇಳಿದ.

"ಆ ಪದ್ಯದಲ್ಲಿ ತಪ್ಪು ಮಾಡಿದವರು ಕಾಣಲ್ಲ ಅಂತ ನೀವೇ ತೋರಿಸಿಕೊಟ್ರಿ. ಹಕ್ಕಿ ಅಲ್ಲ ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವರು... ನಿಮ್ಮ ವಿಷಯದಲ್ಲಿ ಮಾತ್ರ ಯಾಕೆ ಮರೆತ್ರಿ?"

ಆಗ ಮುಕ್ತಾ ಅತ್ತಳು. ಆಸ್ಪತ್ರೆಯಲ್ಲಿ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಅವನು ತಡೆಯಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತ, ಅಷ್ಟೆ.

ಅಳು ನಿಂತ ಮೇಲೆ ಅವಳು ಮುಖ ತಿರುಗಿಸಿ ಅವನಿಗೆ ಬೆನ್ನು ಹಾಕಿದಳು. ಜಡೆಯ ಮೇಲೆ ಕೆಂಪು ಕ್ಲಿಪ್ಪು ಇತ್ತು.

"ಆ ಭಾನುವಾರವೂ ಇಲ್ಲೇ ಇತ್ತು," ಎಂದಳು. "ನೀವು ಎದುರು ಕೂತಿರಿ."

ಅವನು ಬೆರಳಿನಿಂದ ಆ ಕ್ಲಿಪ್ಪನ್ನು ಮುಟ್ಟಿದ.

"ಸೈನ್ ಹಾಕಿಬಿಟ್ಟೆ ಮುಕ್ತಾ. ಎರಡು ವರ್ಷ. ವಾಪಸ್ ತಗೊಳಕ್ಕೆ ಕೇಳಿದ್ರೂ ಈಗ ಕೊಡಲ್ಲ."

"ಗೊತ್ತು."

"ಆ ಕ್ಲಿಪ್ಪು ಬಿಸಾಕಿ. ಬರೀ ಪ್ಲಾಸ್ಟಿಕ್ಕು. ಒಳ್ಳೇದು ತಂದುಕೊಡ್ತೀನಿ."

"ಬಿಸಾಕಿದರೆ ಎಲ್ಲಿಗೆ ಹೋಗ್ತದೆ ಅಂತ ಓದಿದೆವಲ್ಲ," ಎಂದಳು ಮುಕ್ತಾ. "ಬಿಸಾಕುವುದಿಲ್ಲ."

ಕಿದಿರ್‌ಪುರದ ಹಡಗುಕಟ್ಟೆಗೆ ಅವಳು ಅಪ್ಪನ ಜೊತೆ ಬಂದಳು. ಹಿಂದಿನ ಸಂಜೆ ಮುಳುಗಿಸಿದ ದೇವಿಯ ಮೂರ್ತಿಗಳ ಹುಲ್ಲಿನ ಮೈಗಳು ಹೊಳೆಯ ಅಂಚಿನಲ್ಲಿ ತೇಲುತ್ತಿದ್ದವು. ಮೋಡ ಕವಿದಿತ್ತು. ಹರಿದಾಸರು ಜೀವನ್‌ನ ಭುಜ ತಟ್ಟಿ, ದೂರ ಹೋಗಿ ನಿಂತರು. ಅಮ್ಮನ ಗಂಜಿಯ ವಿಷಯ ಹಿಂದಿನ ರಾತ್ರಿಯೇ ಮಗಳು ಅವರಿಗೆ ಹೇಳಿದ್ದಳು. "ನನಗೆ ಆಗಲೇ ಗೊತ್ತಿತ್ತು ಮಗಳೇ, ನೀನೇ ಹೇಳುವೆ ಅಂತ ಸುಮ್ಮನಿದ್ದೆ," ಎಂದಿದ್ದರು ಅವರು.

ಮುಕ್ತಾ ಒಂದು ಸ್ಟೀಲಿನ ಊಟದ ಕ್ಯಾರಿಯರ್ ಜೀವನ್‌ನ ಕೈಗೆ ಕೊಟ್ಟಳು.

"ಮಧ್ಯಾಹ್ನವೇ ಉಣ್ಣಿ. ಸಾಂಬಾರಿಗೆ ಬೆಲ್ಲ ಹಾಕಲಿಲ್ಲ."

"ಯಾಕೆ? ಈಗ ನನಗೆ ಅದೇ ರೂಢಿ ಆಗಿದೆ."

"ಬೇಕಾದರೆ ಬಂದು ಉಣ್ಣಿ."

ಅವನು ನಗಲು ನೋಡಿದ, ಆಗಲಿಲ್ಲ. ಕ್ಯಾರಿಯರನ್ನು ತಿರುಗಿಸಿ ನೋಡಿದ. ಮುಚ್ಚಳದ ಮೇಲೆ ಜಲಜಾ ಎಂದು ಕೊರೆದಿತ್ತು.

"ಇದು ಅಮ್ಮನದಲ್ವಾ? ಪೊಟ್ಟಣದಲ್ಲೇ ಕಟ್ಟಿ ಕೊಡಬಹುದಿತ್ತು."

"ಪೊಟ್ಟಣ ಆದರೆ ಯಾರೂ ವಾಪಸ್ ತರುವುದಿಲ್ಲ," ಎಂದಳು ಮುಕ್ತಾ. "ಇದನ್ನು ತರಬೇಕು."

"ತರ್ತೀನಿ."

"ತೊಳೆದು ತನ್ನಿ, ಆಯ್ತಾ?"

"ಆಯ್ತು ಮುಕ್ತಾ. ತೊಳೆದೇ ತರ್ತೀನಿ."

ಜೀವನ್ ಹೊರಟದ್ದು ದಶಮಿಯ ಮರುದಿನ, ಏಕಾದಶಿ, ಶುಕ್ರವಾರ.