ಮೊದಲನೆಯವಳ ಮುಖ

“ಏಳ್ರೀ... ಅಲ್ಲಿ ಕುಂಡ್ರಬ್ಯಾಡ್ರಿ!”

ಮಧುಮತಿ ಬೆಚ್ಚಿಬಿದ್ದಳು.

ಬಾಗಲಕೋಟೆಗೆ ಹೋಗುವ ಮುಂಜಾನೆಯ ಮೊದಲ ಬಸ್ಸು. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಂಥದ್ದರಲ್ಲಿ ಕಿಟಕಿಯ ಪಕ್ಕ ಒಂದು ಸೀಟು ಖಾಲಿ ಕಂಡರೆ ಯಾರು ಬಿಡುತ್ತಾರೆ ಹೇಳಿ? ಅದರ ಮೇಲೆ ಹಾಸಿದ್ದ ಬಿಳಿ ಕರ್ಚೀಫನ್ನು ಸರಿಸಿ ಅವಳು ಈಗಷ್ಟೇ ಕುಳಿತಿದ್ದಳು. ಚೀಲವನ್ನು ಮೇಲಿಡಲು ಎದ್ದಿದ್ದ ಪಕ್ಕದ ಸೀಟಿನವನು ತಿರುಗಿ ನೋಡಿ ಹೀಗೆ ಕೂಗಿಬಿಟ್ಟಿದ್ದ.

“ಯಾಕ್ರೀ? ಯಾರರ ಅದಾರೇನಿಲ್ಲಿ?”

“ಅದಾರ.”

“ಎಲ್ಲೆದಾರ? ನನ್ನ ಕಣ್ಣಿಗೇನ ಕಾಣವಲ್ರಲ್ಲ!”

ಮುಂದಿನ ಸೀಟಿನಲ್ಲಿ ಹರಟುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಕಂಡಕ್ಟರ್ ಯಮನಪ್ಪ ಜನರ ನಡುವೆ ತೂರಿಕೊಂಡು ಬಂದ.

“ಮೇಡಮ್ಮಾರ... ಈ ಕಡೆ ಬರ್ರಿ. ಮಾಸ್ತರು ಎರಡ ಟಿಕೀಟ ತಗೊಂಡಾರ್ರೀ. ದಿನಾ ತಗೋತಾರ.”

ಜಗಳಕ್ಕೆ ಸಿದ್ಧಳಾಗಿಯೇ ಮಧುಮತಿ ಆ ಮಾಸ್ತರನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ... ಹೆದರಿಕೆ ಇತ್ತು! ಅವಳು ಎದ್ದಳು. ಅವನು ಕರ್ಚೀಫನ್ನು ಕೊಡವಿ, ಸೀಟಿನ ಮೇಲೆ ಮತ್ತೆ ನೀಟಾಗಿ ಹಾಸಿದ. ಯಾರೋ ಕುಳಿತುಕೊಳ್ಳಲಿ ಎಂದು ಕಾದು, ಆಮೇಲೆ ತಾನು ಕುಳಿತ.



ಇದು 2008ರ ಮಾತು. ಊರು ಹೊಸ ಯಡಗೇರಿ, ಬೀಳಗಿ ರಸ್ತೆಯಲ್ಲಿದೆ. ಹಳೆಯ ಯಡಗೇರಿ ಆಲಮಟ್ಟಿ ಡ್ಯಾಮಿನ ಹಿನ್ನೀರಿನ ಕೆಳಗಿದೆ. ಮುಳುಗುವ ಮುನ್ನ ಜನ ದೇವರನ್ನು ಹೊತ್ತು ತಂದರು, ತೊಲೆ-ಬಾಗಿಲು ಕಿತ್ತು ತಂದರು, ಬೀಸುಕಲ್ಲನ್ನೂ ಬಿಡಲಿಲ್ಲ. ಮೊದಮೊದಲು ಇಲ್ಲಿ ತಗಡಿನ ಶೆಡ್ಡು, ಜಾಲಿಮುಳ್ಳು, ಧೂಳು, ಅಷ್ಟೇ. ಆಮೇಲೆ ಬಾಗಲಕೋಟೆಯ ಹೊಸ ಬಡಾವಣೆ ನವನಗರದಲ್ಲಿ ಬಾಡಿಗೆ ಏರಿತು ನೋಡಿ, ಈ ಊರು ಹಿಟ್ಟಿಗೆ ಸೋಡಾ ಹಾಕಿದಂತೆ ಉಬ್ಬತೊಡಗಿತು! ಮಾಸ್ತರರು, ನರ್ಸುಗಳು, ಬ್ಯಾಂಕಿನವರು, ಎಲ್ಲರೂ ಇಲ್ಲಿ ಖೋಲಿ ಹಿಡಿದು ಬಾಗಲಕೋಟೆಗೆ ಅಪ್-ಡೌನ್ ಮಾಡುವವರೇ. ಶೆಡ್ಡಿದ್ದಲ್ಲಿ ಮಾಳಿಗೆ ಮನೆ ಬಂತು, ಹೊಲವಿದ್ದಲ್ಲಿ ಪ್ಲಾಟಿನ ಕಲ್ಲು ಬಂತು, ಜೆರಾಕ್ಸ್ ಅಂಗಡಿ ಬಂತು, ಬ್ಯೂಟಿ ಪಾರ್ಲರೂ ಬಂತು. ಬೆಳಿಗ್ಗೆ ಬಸ್ಸು ಹೋದ ಮೇಲೆ ಊರು ಭಣಭಣ. ಸಂಜೆ ಬಸ್ಸು ಬಂದರೆ ಮತ್ತೆ ಗದ್ದಲ.

ಆದರೆ ಹೊಸ ಊರಿಗೆ ದೆವ್ವವನ್ನು ಯಾರಾದರೂ ಹೊತ್ತು ತರುತ್ತಾರೆಯೇ? ಹುಣಸೆಮರದ ದೆವ್ವ, ಬಾವಿಯ ದೆವ್ವ ಎಲ್ಲ ನೀರಿನಡಿಯಲ್ಲೇ ಉಳಿದವು. ಹೊಸ ಯಡಗೇರಿಗೆ ಇದ್ದದ್ದು ಒಬ್ಬಳೇ.

“ಶಾವಂತ್ರಿ,” ಎಂದಳು ಸಾತವ್ವ. ಮಧುಮತಿ ತೇರದಾಳದಿಂದ ಬಂದು ಬಾಗಲಕೋಟೆಯ ಲ್ಯಾಬೊಂದರಲ್ಲಿ ರಕ್ತ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಅವಳು ಖೋಲಿ ಹಿಡಿದಿದ್ದು ಈ ಸಾತವ್ವನ ಮನೆಯಲ್ಲೇ. “ಪರಮಾನಂದ ಮಾಸ್ತರನ ಹೇಣ್ತಿ. ಊರ ಮಂದಿ ಬರೂಕಿಂತ ಮೊದ್ಲ ಆಕಿನ್ನ ಇಲ್ಲಿಗೆ ಕರಕೊಂಡ ಬಂದ. ಇಲ್ಲಿಂದ ಸಾಲಿಗೆ ಅಪ್-ಡೌನ್ ಹಗರ ಆಗತೈತಿ ಅಂತ. ಆಕಿಗೆ ಮನಸ್ಸಿರಲಿಲ್ಲ. ಹಳೆ ಮನಿ ತೊಲಿ ಕಿತ್ತ ತಂದು ಒಟ್ಟಿದ್ರು... ಒಲಿಗೆ ಕಟ್ಟಿಗಿ ಚಕ್ಕಿ ತಗಿಯಾಕ ಹೋಗಿ ಅದರಾಗ ಕೈ ಹಾಕಿದ್ಲು. ಒಳಗ ಹಾವಿತ್ತು. ಈ ಊರಿನ ಮಣ್ಣಿಗೆ ಮೊದ್ಲ ಹ್ವಾದಾಕಿ ಆಕಿನ ಬೇ!”

“ಮತ್ತ ಆ ಸೀಟು, ಸಾತವ್ವಾಯಿ?”

“‘ಒಮ್ಮೆರ ನವನಗರ ತೋರಸ್ರಿ’ ಅಂತ ದಿನಾ ಕೇಳ್ತಿದ್ಲಂತ. ಅಂವ ನಾಳೆ ನಾಳೆ ಅಂದ. ನಾಳೆ ಬರೂದ್ರಾಗ ಆಕಿನ ಹ್ವಾದ್ಲು. ಈಗ ದಿನಾ ಕರಕೊಂಡ ಹೊಂಟಾನ, ಹುಚ್ಚಪ್ಪ!”

ಮಧುಮತಿಗೆ ಅಳು ಬಂತು. ಅದರ ಹಿಂದೆಯೇ ಒಂಥರಾ ಉರಿಯೂ ಬಂತು. ಸತ್ತ ಮೇಲೂ ಒಬ್ಬಳಿಗೆ ಇಷ್ಟು ಪ್ರೀತಿಯೇ! ಇಪ್ಪತ್ತೊಂಬತ್ತು ತುಂಬಿದ ತನಗಾಗಿ ಯಾರೂ ಒಂದು ದಿನ ಸೀಟು ಹಿಡಿದವರಿಲ್ಲ.

ಮರುದಿನ ಅವಳು ಬೇಕೆಂದೇ ಆ ಸೀಟಿನ ಹತ್ತಿರ ಕಂಬಿ ಹಿಡಿದು ನಿಂತಳು. ಪರಮಾನಂದ ತಲೆ ಎತ್ತಿ ನೋಡಿದ. ಎದ್ದ.

“ನಿನ್ನೆ ಒದರಿದ್ದು ತಪ್ಪಾತ್ರಿ. ನನ್ನ ಸೀಟಿನ್ಯಾಗ ಕುಂಡ್ರಿ.”

“ನೀವು?”

“ನನಗ ನಿಂತ ರೂಢಿ ಐತ್ರಿ. ಸಾಲ್ಯಾಗ ದಿನಾ ಇದ ಕೆಲಸ.”

ಅಂದಿನಿಂದ ಹಾಗೇ ನಡೆಯಿತು. ಅವನು ನಿಲ್ಲುತ್ತಿದ್ದ, ಅವಳು ಖಾಲಿ ಸೀಟಿನ ಪಕ್ಕ ಕೂರುತ್ತಿದ್ದಳು. ಮಾತು ಬೆಳೆಯಿತು. ಲೆಕ್ಕ ಬಾರದ ಹುಡುಗರ ಕಥೆ ಅವನು ಹೇಳುತ್ತಿದ್ದ, ಸೂಜಿ ಕಂಡರೆ ಮೂರ್ಛೆ ಹೋಗುವ ಪೈಲ್ವಾನರ ಕಥೆ ಅವಳು ಹೇಳುತ್ತಿದ್ದಳು. ಅವನು ನಕ್ಕರೆ ಹಿಂದಿನ ಸೀಟಿನವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮಾಸ್ತರ ನಗುವುದನ್ನು ಅವರು ಮರೆತೇಬಿಟ್ಟಿದ್ದರಲ್ಲ!

ಆದರೆ ಮಧುಮತಿಗೆ ಸುಖವಿರಲಿಲ್ಲ. ಕಿಟಕಿ ಮುಚ್ಚಿದ್ದರೂ ಒಮ್ಮೊಮ್ಮೆ ಎಡತೋಳಿಗೆ ಸೆರಗು ತಾಗಿದಂತಾಗುತ್ತಿತ್ತು. ಹಸಿ ಅರಿಶಿನದ ವಾಸನೆ ಬರುತ್ತಿತ್ತು. ಹೊರಳಿ ನೋಡಿದರೆ ಕರ್ಚೀಫು ಮಾತ್ರ. ಹಿನ್ನೀರಿನ ಪಕ್ಕ ಬಸ್ಸು ಹಾಯುವಾಗ, ಕಿಟಕಿಯ ಗಾಜಿನಲ್ಲಿ ತನ್ನ ಬಿಂಬದ ಜೊತೆ ಇನ್ನೊಂದು ಬಿಂಬ ಕಂಡಂತಾಗಿ ಕಣ್ಣು ಮುಚ್ಚುತ್ತಿದ್ದಳು.

‘ಅಕ್ಕಾ... ಸ್ವಲ್ಪ ಸರಿದು ಕೂತ್ಕೋ,’ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ‘ನನಗೂ ಒಂದಿಷ್ಟು ಜಾಗ ಕೊಡು. ನಿನ್ನದನ್ನು ಪೂರ್ತಿ ಕೇಳೋದಿಲ್ಲ ನಾನು...’

ಹೌದು, ಅವಳು ಮಾಸ್ತರನ ಮೇಲೆ ಮನಸ್ಸಿಟ್ಟುಬಿಟ್ಟಿದ್ದಳು. ಊರಿಗೆ ಅದು ಅವಳಿಗಿಂತ ಮೊದಲೇ ಗೊತ್ತಾಗಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಪರಮಾನಂದನ ತಾಯಿ ತಂಗೆವ್ವ ಸಾತವ್ವನ ಮನೆಗೆ ಬಂದಳು. ಕಣ್ಣು ಮಂಜಾಗಿದ್ದ ಮುದುಕಿ ಮಧುಮತಿಯ ಕೈಯನ್ನು ತಡವಿ ತಡವಿ ಹಿಡಿದುಕೊಂಡಳು.

“ನಮ್ಮ ಮನಿಗೆ ಬರ್ತೀಯೇನವ್ವಾ? ಅಂವ ಹೂಂ ಅಂದಾನ. ನಿಮ್ಮ ತೇರದಾಳಕ್ಕೂ ಹೇಳಿ ಕಳಸ್ತೀನಿ.”

ಮಧುಮತಿ ನಾಚಿ ತಲೆ ತಗ್ಗಿಸಿದಳು. 

“ಒಂದ ಮಾತೈತಿ,” ಮುದುಕಿ ದನಿ ತಗ್ಗಿಸಿದಳು. “ಎರಡನೇ ಸಂಬಂಧಕ್ಕ ಬಂದಾಕಿ ಸವತಿ ಮೂರ್ತಿ ಕೊಳ್ಳಾಗ ಹಾಕ್ಕೋಬೇಕು. ಸತ್ತಾಕಿ ಮಾರಿ ಬೆಳ್ಳ್ಯಾಗ ಮಾಡಸ್ತಾರ. ಹೊಸಾ ಸೀರಿ ಮೊದ್ಲ ಆಕಿಗೆ ತೋರಿಸಿ ಆಮ್ಯಾಲ ನೀ ಉಡಬೇಕು. ಹಬ್ಬದ ಎಡಿ ಮೊದ್ಲ ಆಕಿಗೆ. ಹಂಗ ಮಾಡಿದ್ರ ಆಕಿ ಸಿಟ್ಟಾಗಂಗಿಲ್ಲ. ಅಂವಾ ತನ್ನ ಕೈಲೆ ಮೂರ್ತಿ ಮಾಡೂ ಪತ್ತಾರ ಕಾಮಣ್ಣಗ ಬೆಳ್ಳಿ ಕೊಟ್ಟನಂದ್ರ, ಮಾತು ಪಕ್ಕಾ ಆದಂಗ.”

ಮಧುಮತಿಯ ಕೈ ತನ್ನ ಕೊರಳಿಗೆ ಹೋಯಿತು. ಬಸ್ಸಿನಲ್ಲಿ ಪಕ್ಕಕ್ಕಿದ್ದವಳು ಇನ್ನು ಕೊರಳಿಗೇ ಬರುತ್ತಾಳೆ! ಆದರೂ ಪರಮಾನಂದನ ನಗು ಕಣ್ಮುಂದೆ ಬಂತು.

“ಆತ್ರಿ, ಅತ್ತಿ,” ಎಂದಳು.

ಆದರೆ ನಾಲ್ಕು ದಿನದಲ್ಲೇ ಊರ ತುಂಬ ಸುದ್ದಿ ಹಬ್ಬಿತು. ಮಾಸ್ತರ ಪತ್ತಾರನ ಅಂಗಡಿಗೆ ಹೋದ. ಕುಳಿತ. ಬೆವತ. ಬೆಳ್ಳಿಯನ್ನು ಕಿಸೆಗೆ ಹಾಕಿಕೊಂಡು ಎದ್ದು ಬಂದುಬಿಟ್ಟ!

“ಮೂರ್ತಿ ಬ್ಯಾಡಂದ್ರ ಮದಿವಿನೂ ಬ್ಯಾಡಂದಂಗ,” ಸಾತವ್ವ ಹಣೆ ಚಚ್ಚಿಕೊಂಡಳು. “ಆ ಶಾವಂತ್ರಿ ಬಿಡಾಂಗಿಲ್ಲ ಅವನ್ನ. ನೀ ಮರತಬಿಡವ್ವಾ ತಂಗಿ.”

ಮರೆಯುವುದಂತೆ! ಮರೆಯುವುದು ಹೇಳುವವರಿಗೆ ಸುಲಭ.

ಮರುದಿನ ಮಾಸ್ತರ ಬಸ್ಸಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಯಾರೋ ದಪ್ಪ ಮನುಷ್ಯ ಬದನೆಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಆ ಸೀಟಿನವಳು ಸ್ವಲ್ಪ ಸರಿಯಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದಳೋ, ಅದೇ ಮಧುಮತಿಗೆ ಈಗ ಆ ಮನುಷ್ಯನನ್ನು ಎಬ್ಬಿಸಿ ಬೈಯಬೇಕು ಎನ್ನಿಸಿತು. ಕಣ್ಣಲ್ಲಿ ನೀರು ತುಂಬಿತು.

‘ನೀನೂ ಇಲ್ಲ, ಅವರೂ ಇಲ್ಲ. ನನ್ನೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋದಿರಿ ಇಬ್ಬರೂ?’

ಲ್ಯಾಬಿನ ಹುಡುಗಿಯರು ನವನಗರದಲ್ಲಿ ತಮ್ಮ ಖೋಲಿಗೇ ಬಾ ಎಂದು ಮೊದಲಿನಿಂದ ಕರೆಯುತ್ತಿದ್ದರು. ಅವಳು ಹೂಂ ಎಂದಳು. ಆದರೆ ಊರು ಬಿಡುವ ಮುನ್ನ ಆ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ಒಂದು ಮಾತು ಕೇಳದೆ ಹೋದರೆ ತಾನು ಮಧುಮತಿಯೇ ಅಲ್ಲ! ಸಂಜೆ ಬಸ್ಸಿಳಿದವಳೇ ನೇರ ಮಾಸ್ತರನ ಮನೆಗೆ ನಡೆದಳು.

ಬಾಗಿಲು ತೆರೆದಿತ್ತು. ತಂಗೆವ್ವ ಗುಡಿಗೆ ಹೋಗಿದ್ದಳು. ಪರಮಾನಂದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಗಡ್ಡ ಬೆಳೆದಿತ್ತು.

“ನನ್ನ ಮಾಡಿಕೊಳ್ಳಾಕ ಮನಸ್ಸಿರಲಿಲ್ಲಂದ್ರ ಮಾರಿ ಮುಂದ ಹೇಳಬೇಕಿತ್ತ್ರಿ!” ಎಂದಳು. “ಪತ್ತಾರನ ಅಂಗಡ್ಯಾಗ ಯಾಕ ನನ್ನ ಮರ್ಯಾದಿ ತಗದ್ರಿ? ಆಕಿನ ಬೇಕಿದ್ರ ಆಕಿ ಜೋಡಿನ ಇರ್ರಿ. ನಾ ಊರು ಬಿಟ್ಟು ಹೊಂಟೇನಿ...”

ಅವನು ಗೋಡೆಯತ್ತ ಕೈ ತೋರಿಸಿದ.

ಅಲ್ಲಿ ಮದುವೆಯ ಫೋಟೋ ಇತ್ತು. ಬಾಸಿಂಗ ಕಟ್ಟಿದ ಪರಮಾನಂದ ಸ್ಪಷ್ಟವಾಗಿದ್ದ. ಪಕ್ಕದಲ್ಲಿ ಇಳಕಲ್ ಸೀರೆ, ಹಸಿರು ಬಳೆ, ಕೊರಳ ತುಂಬ ಸರ... ಮುಖ ಇರಲಿಲ್ಲ. ಹೊಸ ಗೋಡೆಯ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡು, ಮುಖವಿದ್ದ ಜಾಗದಲ್ಲಿ ಬರೀ ಬಿಳಿಯ ಕಲೆ ಉಳಿದಿತ್ತು.

ಮಧುಮತಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

“ಇದೊಂದ ಫೋಟೋ ಇತ್ತ್ರಿ,” ಎಂದ ಪರಮಾನಂದ. “ಅವ್ವಗ ಕಣ್ಣು ಕಾಣಂಗಿಲ್ಲ, ಆಕಿಗೆ ಗೊತ್ತಿಲ್ಲ. ನಾನೂ ಯಾರಿಗೂ ಹೇಳಿಲ್ಲ. ಕಾಮಣ್ಣ ಹಠದ ಮನಷ್ಯಾ, ಎಲ್ಲಾರಿಗೂ ಒಂದ ಅಚ್ಚಿನ ಮೂರ್ತಿ ಮಾಡಂಗಿಲ್ಲ. ‘ಮಾರಿ ಹೆಂಗಿತ್ತು ಹೇಳು ಮಾಸ್ತರ, ಗುಂಡಗಿತ್ತೋ, ಉದ್ದಕಿತ್ತೋ?’ ಅಂದ. ಕಣ್ಣು ಮುಚ್ಚಿದೆ. ಆಕಿ ಬರಲಿಲ್ರಿ...”

“ಮತ್ತ?”

“ನೀವು ಬಂದ್ರಿ! ಎಷ್ಟ ಸರ್ತಿ ಕಣ್ಣು ಮುಚ್ಚಿದರೂ ನಿಮ್ಮ ಮಾರಿನ ಬರತೈತಿ. ನಾಳೆ ನಾಳೆ ಅಂತ ಹೇಳಿ ಹೇಳಿ ಆಕಿನ್ನ ಒಮ್ಮೆ ಕೊಂದೆ. ಈಗ ಮಾರಿನೂ ಮರತು ಇನ್ನೊಮ್ಮೆ ಕೊಂದೇನಿ. ನಿಮ್ಮ ಕೊಳ್ಳಿಗೆ ಯಾರದೋ ಮಾರಿ ಕಟ್ಟಿ, ಇದ ಶಾವಂತ್ರಿ ಅಂತ ಸುಳ್ಳು ಹೇಳಲೇನು?”

ಅವನು ಮಕ್ಕಳಂತೆ ಅಳತೊಡಗಿದ.

ತನಗೆ ಅವನ ಮನಸ್ಸಿನಲ್ಲಿ ಜಾಗವೇ ಇಲ್ಲ ಎಂದು ಮಧುಮತಿ ಒದ್ದಾಡುತ್ತಿದ್ದರೆ, ಇವನು ಎಲ್ಲ ಜಾಗವನ್ನೂ ಅವಳಿಗೇ ಕೊಟ್ಟು ಕೂತಿದ್ದಾನೆ! ಆ ಬಿಳಿಯ ಕಲೆಯನ್ನು ನೋಡುತ್ತ ಅವಳಿಗೆ ಗೆದ್ದ ಸಂತೋಷ ಆಗಲಿಲ್ಲ. ಪಾಪ, ಶಾವಂತ್ರಿ...

ಅವಳು ಅವನೆದುರು ಕುಳಿತಳು.

“ಗುಂಡು ಮಾರಿ,” ಎಂದಳು ಮೆಲ್ಲಗೆ.

“ಏನ್ರಿ?”

“ಗದ್ದದ ಮ್ಯಾಲ ಮೂರು ಚುಕ್ಕಿ ಹಚ್ಚಿ ಹಾಕಿಸ್ಕೊಂಡಿದ್ಲು. ಮುಂದಿನ ಹಲ್ಲು ಒಂದರ ಮ್ಯಾಲ ಒಂದು ಹತ್ತಿತ್ತು. ಅದಕ್ಕ ನಗೂಮುಂದ ಬಾಯಿಗೆ ಕೈ ಅಡ್ಡ ಹಿಡೀತಿದ್ಲು.”

ಪರಮಾನಂದನ ಅಳು ನಿಂತಿತು. “ನೀವು... ನೀವು ಆಕಿನ್ನ ನೋಡೇ ಇಲ್ಲಲ್ಲ!”

“ಹೊಟ್ಟಿಕಿಚ್ಚು ರೀ!” ಮಧುಮತಿ ಮುಖ ಮುಚ್ಚಿಕೊಂಡಳು. “ನನಗಿಂತ ಚೆಂದಿದ್ಲೇನು ಅಂತ ಊರಾಗಿನ ಹೆಂಗಸೂರನ್ನೆಲ್ಲಾ ಕೇಳೇನಿ. ಸಾತವ್ವನ್ನ ಕೇಳೇನಿ, ಬಳಿ ತೊಡಸಾಕಿನ್ನ ಕೇಳೇನಿ, ನೀರಿನ ಟಾಕಿ ಹತ್ರ ನಿಂತವರನ್ನೂ ಬಿಟ್ಟಿಲ್ಲ. ಎಡಗಡಿ ಹುಬ್ಬಿನಾಗ ಒಂದ ಗಾಯದ ಗುರ್ತು. ಸಣ್ಣಾಕಿದ್ದಾಗ ಬೀಸುಕಲ್ಲಿನ ಮ್ಯಾಲ ಬಿದ್ದಿದ್ಲಂತ. ಮೂಗು ಸಣ್ಣದು. ನನಗಿಂತ ಚೆಂದನ ಇದ್ಲಂತ್ರಿ... ಎಲ್ಲಾರೂ ಹಂಗ ಅಂದ್ರು. ಎಷ್ಟ ಉರೀತು ಗೊತ್ತೇನು!”

ಕಟ್ಟಿಕೊಂಡ ಗಂಡನೇ ಸತ್ತವಳ ಮುಖವನ್ನು ಕಳೆದುಕೊಂಡಿದ್ದ. ಅದನ್ನು ಚೂರು ಚೂರಾಗಿ ಆರಿಸಿ ಇಟ್ಟುಕೊಂಡವಳು ಸವತಿಯಾಗಬೇಕಾದವಳು! ಪರಮಾನಂದ ಕಣ್ಣು ಮುಚ್ಚಿದ.

ಮಧುಮತಿ ಕಾದಳು. ಈಗ ಕಣ್ಣು ತೆರೆದವನಿಗೆ ತಾನು ಬೇಡವಾಗಿಬಿಟ್ಟರೆ? ತಾನೇ ಕರೆತಂದವಳು ತನ್ನನ್ನೇ ಆಚೆಗೆ ನೂಕಿಬಿಟ್ಟರೆ? ಹೆದರಿಕೆಯಾಯಿತು. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

“ಬಂದ್ಲೇನ್ರಿ?” ಎಂದು ಪಿಸುಗುಟ್ಟಿದಳು.

“ಬಂದ್ಲು...” ಮುಚ್ಚಿದ ಕಣ್ಣಿನಿಂದ ನೀರಿಳಿಯುತ್ತಿತ್ತು. ಮುಖದಲ್ಲಿ ಮಾತ್ರ ನಗುವಿತ್ತು. “ಹಲ್ಲು ಕಾಣಬಾರದಂತ ಬಾಯಿಗೆ ಕೈ ಹಿಡಕೊಂಡಾಳ.”

“ನಾ... ನಾ ಹೋಗಲೇನು?”

ಅವನು ಕಣ್ಣು ತೆರೆದ. ಅವಳ ಕೈ ಹಿಡಿದುಕೊಂಡ. ಮೊದಲ ಸಲ!

“ಎಲ್ಲಿಗೆ ಹೋಗ್ತಿ, ಮಧು? ಪತ್ತಾರಗ ಆಕಿ ಮಾರಿ ಹೇಳಾಕ ನೀನ ಬರಬೇಕಲ್ಲ.”

“ಬರೇ ಅಷ್ಟಕ್ಕೇನು?”

“ಅಲ್ಲ. ಆಮ್ಯಾಲ ಈ ಮನಿಗೂ ಬರಬೇಕು.”

ಮಧುಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಗು ಬಂತು, ಅದರ ಜೊತೆ ಅಳುವೂ ಬಂತು.

“ಆಕಿ ಏನಂತಾಳ, ಕೇಳ್ರಿ ಮತ್ತ.”

“ಬೈಯಾಕತ್ತಾಳ. ಎಷ್ಟ ತಡಾ ಮಾಡಿದ್ರಿ ಅಂತ.”

“ಯಾರಿಗೆ?”

“ಇಬ್ಬರಿಗೂ!”